ಎರಡು ಕಾಯಗಳ ನಡುವಣ ಬಿಸಿ

ಬಾನುಲಿಯಲ್ಲಿ ಭೌತಶಾಸ್ತ್ರದ ಲೆಕ್ಕ ಬಿಡಿಸುವುದೆಂದರೆ ಕತ್ತಲೆಯ ಕೋಣೆಯಲ್ಲಿ ರಂಗೋಲಿ ಹಾಕಿದಂತೆ. ಕರಿಹಲಗೆಯಿಲ್ಲ, ಸೀಮೆಸುಣ್ಣವಿಲ್ಲ, ಸಮೀಕರಣವನ್ನು ಗಟ್ಟಿಯಾಗಿ ಓದತೊಡಗಿದರೆ ಕೇಳುಗರು ರೇಡಿಯೋದ ಕಿವಿ ಹಿಂಡಿಬಿಡುತ್ತಾರೆ. ಆದರೂ ಇಂದು ನಾನು ಒಂದು ಲೆಕ್ಕವನ್ನೇ ಹೇಳಬೇಕೆಂದಿದ್ದೇನೆ. ಆ ಲೆಕ್ಕವನ್ನು ಕೊಪ್ಪಳದಲ್ಲಿ ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವನು ನಾನು. ಅದೇ ಲೆಕ್ಕ ನನ್ನ ಮನೆಯ ಸೂರಿನ ಕೆಳಗೆ ಬಂದು ಕುಳಿತಾಗ ನನಗೆ ಗುರುತು ಹತ್ತಲಿಲ್ಲ.

ನನ್ನ ತರಗತಿಗೆ ಬರುತ್ತಿದ್ದವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಕ್ಕಳು. 1997ರಲ್ಲಿ ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. ಬಿಸಿಲು ಮಾತ್ರ ಮೊದಲಿನಿಂದಲೂ ಅದೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಾಡಿನ ಹುಡುಗನಿಗೆ ಶಾಖದ ಪರಿಚಯವನ್ನು ಮಾಸ್ತರು ಮಾಡಿಕೊಡಬೇಕಾಗಿಲ್ಲ. ಆದರೆ ಪರಿಚಯ ಬೇರೆ, ಲೆಕ್ಕ ಬೇರೆ. ಪಠ್ಯಪುಸ್ತಕದ ಲೆಕ್ಕ ಹೀಗಿರುತ್ತದೆ: 90 ಡಿಗ್ರಿಗೆ ಕಾಯಿಸಿದ ಒಂದು ಕಿಲೋಗ್ರಾಂ ಕಬ್ಬಿಣವನ್ನು 30 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಮುಳುಗಿಸಿದರೆ ಕೊನೆಗೆ ಎರಡರ ಉಷ್ಣತೆ ಎಷ್ಟು?

ಮೊದಲ ಸಲ ಕೇಳಿದಾಗ ಅರ್ಧ ತರಗತಿ ‘ಅರವತ್ತು’ ಎನ್ನುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡುವುದು ಮನುಷ್ಯನ ಸಹಜವಾದ ನ್ಯಾಯಬುದ್ಧಿ. ಪ್ರಕೃತಿಯ ನ್ಯಾಯ ಅದಲ್ಲ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖದಲ್ಲಿ ಸುಮಾರು ಒಂಬತ್ತು ಕಿಲೋ ಕಬ್ಬಿಣವನ್ನು ಒಂದು ಡಿಗ್ರಿ ಏರಿಸಬಹುದು. ಆದ್ದರಿಂದ ಈ ವ್ಯವಹಾರದಲ್ಲಿ ನೀರಿಗೆ ಒಂಬತ್ತು ಪಾಲು, ಕಬ್ಬಿಣಕ್ಕೆ ಒಂದು ಪಾಲು. ಮೂವತ್ತರ ಒಂಬತ್ತು ಪಟ್ಟು ಇನ್ನೂರೆಪ್ಪತ್ತು. ಅದಕ್ಕೆ ತೊಂಬತ್ತನ್ನು ಸೇರಿಸಿ ಹತ್ತರಿಂದ ಭಾಗಿಸಿದರೆ ಮೂವತ್ತಾರು. ಪಾತ್ರೆ ಕುಡಿದದ್ದನ್ನೂ ಗಾಳಿಗೆ ಸೋರಿದ್ದನ್ನೂ ಬಿಟ್ಟರೆ ಉತ್ತರ ಇಷ್ಟೆ. ಬಿಸಿಯಾದದ್ದು ಕಳೆದುಕೊಂಡ ಶಾಖವೆಲ್ಲ ತಣ್ಣಗಿದ್ದದ್ದು ಗಳಿಸಿದ ಶಾಖಕ್ಕೆ ಸಮ. ಶಾಖವೇ ಬೇರೆ, ಉಷ್ಣತೆಯೇ ಬೇರೆ, ಒಂದು ಎಷ್ಟಿದೆ ಎಂಬುದು, ಇನ್ನೊಂದು ಎಷ್ಟು ಏರಿದೆ ಎಂಬುದು, ಎಂದು ಸ್ಪಷ್ಟವಾಗಿ ಬಿಡಿಸಿ ತೋರಿಸಿದವನು ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್. ಅವನಿಂದಾಚೆಗೆ ಈ ಲೆಕ್ಕ ಪರೀಕ್ಷೆಗಳಲ್ಲಿ ನಿರಂತರವಾಗಿ ಬರುತ್ತಲೇ ಇದೆ.

ಸರಿ, ಮೂವತ್ತಾರು ಡಿಗ್ರಿ. ಆದರೆ ಅದು ಯಾವಾಗ? ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೇಳುವುದಿಲ್ಲ, ಪುಸ್ತಕವೂ ಕೇಳುವುದಿಲ್ಲ. ಪಯಣ ಎಲ್ಲಿ ಮುಗಿಯುತ್ತದೆಂದು ಹೇಳಿ, ದಾರಿ ಎಷ್ಟು ದೂರ, ಬಂಡಿ ಎಷ್ಟು ನಿಧಾನ ಎಂಬುದನ್ನು ಮುಚ್ಚಿಟ್ಟ ಹಾಗೆ ಇದು. ಕೊನೆಯಲ್ಲಿ ಎಲ್ಲವೂ ಸಮವಾಗುತ್ತದೆಂಬುದನ್ನು ಕಟ್ಟಿಕೊಂಡು ಮನುಷ್ಯನಿಗೆ ಆಗಬೇಕಾದ್ದು ಕಡಿಮೆ. ಅವನ ಸುಖದುಃಖವಿರುವುದೆಲ್ಲ ಸಮವಾಗುವ ಮುಂಚಿನ ಹೊತ್ತಿನಲ್ಲಿ.

ಆ ಹೊತ್ತಿನ ಶಾಸ್ತ್ರವನ್ನು ಕಟ್ಟಿದವನು ಫ್ರಾನ್ಸಿನ ಜೋಸೆಫ್ ಫೂರಿಯೇ. 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋಗಿ ಅಲ್ಲಿಯ ಬಿಸಿಲನ್ನು ಎಷ್ಟು ಮೆಚ್ಚಿಕೊಂಡನೆಂದರೆ, ತಾಯ್ನಾಡಿಗೆ ಮರಳಿದ ಮೇಲೂ ಕೋಣೆಯನ್ನು ಕಾವಲಿಯಂತೆ ಕಾಯಿಸಿಕೊಂಡು, ಮೈತುಂಬ ಬಟ್ಟೆ ಸುತ್ತಿಕೊಂಡು ಇರುತ್ತಿದ್ದನೆಂದು ಹೇಳುತ್ತಾರೆ. ನಮ್ಮ ಕಡೆಗೆ ಬಂದಿದ್ದರೆ ಕಟ್ಟಿಗೆಯ ಖರ್ಚು ಉಳಿಯುತ್ತಿತ್ತು. ಗ್ರೆನೋಬಲ್‌ನಲ್ಲಿ ಆಡಳಿತಾಧಿಕಾರಿಯಾಗಿದ್ದಾಗಲೇ ಶಾಖದ ಮೇಲೆ ಪ್ರಬಂಧ ಬರೆದು 1807ರಲ್ಲಿ ಪ್ಯಾರಿಸಿನ ಪಂಡಿತಸಭೆಗೆ ಒಪ್ಪಿಸಿದ. ಲಗ್ರಾಂಜನಂಥ ಹಿರಿಯರು ಆಕ್ಷೇಪವೆತ್ತಿದರು. ಗ್ರಂಥ ಪೂರ್ಣವಾಗಿ ಅಚ್ಚಾದದ್ದು 1822ರಲ್ಲಿ.

ಆ ಗ್ರಂಥದಲ್ಲಿ ಬಿಡಿ ಬಿಡಿಯಾದ ಕಾಯಗಳ ನಡುವೆ ಶಾಖ ಹೇಗೆ ಹಂಚಿಹೋಗುತ್ತದೆಂಬ ಒಂದು ಭಾಗವಿದೆ. ಅಲ್ಲಿ ಅವನು ಮೊದಲು ತೆಗೆದುಕೊಳ್ಳುವುದು ಸಮನಾದ ಎರಡೇ ಎರಡು ಕಾಯಗಳನ್ನು. ಅವುಗಳ ನಡುವೆ ಅತಿ ತೆಳುವಾದ ಒಂದು ಪದರ ಓಡಾಡುತ್ತಿದೆ ಎಂದು ಕಲ್ಪಿಸಿಕೊಳ್ಳುತ್ತಾನೆ. ಅದು ಬಿಸಿಯಾದ ಕಾಯವನ್ನು ಮುಟ್ಟಿ ಅದರ ಉಷ್ಣತೆಯನ್ನು ಪಡೆದು, ತಣ್ಣನೆಯದನ್ನು ಮುಟ್ಟಿ ಅಲ್ಲಿ ಕೊಟ್ಟು, ಮತ್ತೆ ಹಿಂದಿರುಗುತ್ತದೆ. ಇದನ್ನು ಓದಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಆನೆಗೊಂದಿಯ ಹರಿಗೋಲು. ತುಂಗಭದ್ರೆಯ ಈ ದಡದಲ್ಲಿ ಜನ ಹೆಚ್ಚು, ಆ ದಡದಲ್ಲಿ ಕಡಿಮೆ. ಹರಿಗೋಲು ಇಲ್ಲಿಂದ ತುಂಬಿಕೊಂಡು ಹೋಗುತ್ತದೆ, ಅಲ್ಲಿಂದ ಬರುವಾಗ ಅರೆಬರೆಯಾಗಿ ಬರುತ್ತದೆ. ದಡಗಳ ನಡುವಣ ವ್ಯತ್ಯಾಸ ದೊಡ್ಡದಿರುವಾಗ ಪ್ರತಿ ಸುತ್ತಿನಲ್ಲೂ ಹೆಚ್ಚು ಜನ ದಾಟುತ್ತಾರೆ, ವ್ಯತ್ಯಾಸ ಕುಗ್ಗಿದಂತೆ ದಾಟುವವರೂ ಕುಗ್ಗುತ್ತಾರೆ. ಶಾಖದ ಹರಿವೂ ಹೀಗೆಯೆ. ಇಬ್ಬರ ನಡುವಣ ವ್ಯತ್ಯಾಸ ಅರವತ್ತು ಡಿಗ್ರಿಯಿದ್ದು ಹತ್ತು ನಿಮಿಷದಲ್ಲಿ ಮೂವತ್ತಕ್ಕೆ ಇಳಿದರೆ, ಮುಂದಿನ ಹತ್ತು ನಿಮಿಷದಲ್ಲಿ ಸೊನ್ನೆಗೆ ಇಳಿಯುವುದಿಲ್ಲ, ಹದಿನೈದಕ್ಕೆ ಇಳಿಯುತ್ತದೆ. ಆಮೇಲೆ ಏಳೂವರೆ, ಆಮೇಲೆ ಅದರ ಅರ್ಧ. ಸಾಲ ತೀರಿಸುವವನು ಉಳಿದದ್ದರ ಅರ್ಧವನ್ನಷ್ಟೇ ಪ್ರತಿ ಕಂತಿಗೂ ಕೊಡುತ್ತ ಹೋದರೆ ಪತ್ರ ಎಂದೂ ಹರಿಯುವುದಿಲ್ಲವಷ್ಟೆ, ಹಾಗೆ.

ಇನ್ನು ಮೂರನೆಯ ಪ್ರಶ್ನೆ. ಎರಡು ಕಾಯಗಳು ಮುಟ್ಟಿದ ಆ ಮೊದಲ ಗಳಿಗೆಯಲ್ಲಿ, ಸರಿಯಾಗಿ ಅವು ಕೂಡುವ ಗೆರೆಯಲ್ಲಿ, ಉಷ್ಣತೆ ಎಷ್ಟಿರುತ್ತದೆ? ಇದನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯಲ್ಲಿ ಕಲಿಯುವುದು ಮೇಲು. ಐನೂರೆಪ್ಪತ್ತೈದು ಮೆಟ್ಟಿಲುಗಳ ಆ ಬೆಟ್ಟವನ್ನು ಬೇಸಿಗೆಯ ನಡುಹಗಲಿನಲ್ಲಿ ಬರಿಗಾಲಿನಲ್ಲಿ ಹತ್ತಿದವರಿಗೆ ಕಲ್ಲು ಏನು ಹೇಳುತ್ತದೆಂದು ಗೊತ್ತು. ಬಿಸಿಲಿಗೆ ಅರವತ್ತು ಡಿಗ್ರಿಗೆ ಕಾದ ಗ್ರಾನೈಟ್ ಕಲ್ಲು, ಮೂವತ್ತಮೂರು ಡಿಗ್ರಿಯ ಅಂಗಾಲು. ಪಕ್ಕದಲ್ಲಿಯೇ ಅಷ್ಟೇ ಹೊತ್ತು ಬಿಸಿಲಿಗೆ ಬಿದ್ದು ಅರವತ್ತೇ ಡಿಗ್ರಿಯಾದ ಒಂದು ಮರದ ಹಲಗೆಯಿದೆಯೆನ್ನಿ. ಉಷ್ಣತಾಮಾಪಕಕ್ಕೆ ಎರಡೂ ಒಂದೇ. ಕಾಲಿಗೆ ಒಂದೇ ಅಲ್ಲ.

ಇಲ್ಲಿಯೂ ಪಾಲಿನ ಲೆಕ್ಕವೇ, ಆದರೆ ಪಾಲನ್ನು ನಿರ್ಣಯಿಸುವ ಬಗೆ ಬೇರೆ. ಒಂದು ವಸ್ತುವಿನ ವಾಹಕತೆ, ಸಾಂದ್ರತೆ, ವಿಶಿಷ್ಟ ಶಾಖ ಈ ಮೂರನ್ನೂ ಗುಣಿಸಿ ಅದರ ವರ್ಗಮೂಲ ತೆಗೆದರೆ ಆ ವಸ್ತುವಿನ ಪಾಲು ಸಿಗುತ್ತದೆ. ತನ್ನ ಒಡಲಿನಿಂದ ಎಷ್ಟು ಬೇಗ, ಎಷ್ಟು ಧಾರಾಳವಾಗಿ ಶಾಖವನ್ನು ಗಡಿಗೆ ತಂದುಕೊಡಬಲ್ಲದೆಂಬುದರ ಅಳತೆ ಇದು. ಗ್ರಾನೈಟಿನದು ನಮ್ಮ ಚರ್ಮದ ಸುಮಾರು ಎರಡರಷ್ಟು. ಮರದ್ದು ಚರ್ಮದ ಸುಮಾರು ಮೂರನೆಯ ಒಂದರಷ್ಟು. ಆದ್ದರಿಂದ ಕಲ್ಲಿನ ಮೇಲೆ ಕಾಲಿಟ್ಟಾಗ ಎರಡು ಪಾಲು ಕಲ್ಲಿನ ಮಾತು, ಒಂದು ಪಾಲು ಕಾಲಿನ ಮಾತು: ಅರವತ್ತು, ಅರವತ್ತು, ಮೂವತ್ತಮೂರು ಕೂಡಿಸಿ ಮೂರರಿಂದ ಭಾಗಿಸಿ. ಐವತ್ತೊಂದು. ಹಲಗೆಯ ಮೇಲಾದರೆ ಒಂದು ಪಾಲು ಮರದ ಮಾತು, ಮೂರು ಪಾಲು ಕಾಲಿನದು: ಒಂದು ಅರವತ್ತು, ಮೂರು ಮೂವತ್ತಮೂರು, ನಾಲ್ಕರಿಂದ ಭಾಗಿಸಿದರೆ ನಲವತ್ತಕ್ಕೆ ತುಸು ಕಡಿಮೆ. ಚರ್ಮಕ್ಕೆ ನೋವು ತಗಲುವುದು ನಲವತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ. ಹಲಗೆಯ ಮೇಲೆ ನಿಂತವನು ಇತ್ತ ಕಡೆ ಉಳಿದ, ಕಲ್ಲಿನ ಮೇಲೆ ನಿಂತವನು ಗಡಿ ದಾಟಿದ. ನಾವು ‘ಸುಡುತ್ತದೆ’ ಎನ್ನುವುದು ಕಲ್ಲಿನ ಗುಣವೂ ಅಲ್ಲ, ಕಾಲಿನ ಗುಣವೂ ಅಲ್ಲ. ಇಬ್ಬರೂ ಕೂಡಿ ಆ ಗೆರೆಯಲ್ಲಿ ಮಾಡಿಕೊಂಡ ಒಪ್ಪಂದ.

ಹಾಗಾದರೆ ಕುರಿಗಾಹಿ ಅದೇ ಬಂಡೆಯ ಮೇಲೆ ನಿರಾಳವಾಗಿ ನಡೆಯುವುದು ಹೇಗೆ? ಗೆರೆಯ ಉಷ್ಣತೆ ಅವನಿಗೂ ಹೆಚ್ಚು ಕಡಿಮೆ ಅಷ್ಟೇ. ಆದರೆ ನೋವನ್ನು ಅರಿಯುವ ನರದ ತುದಿ ಒಳಗಿದೆ, ಶಾಖ ಅಲ್ಲಿಗೆ ತಲುಪಬೇಕು. ಶಾಖದ ನಡಿಗೆಯ ನಿಯಮ ವಿಚಿತ್ರವಾದದ್ದು: ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಕಾಲ. ಅವನ ಅಂಗಾಲಿನ ಜಡ್ಡು ನನ್ನದಕ್ಕಿಂತ ನಾಲ್ಕು ಪಟ್ಟು ದಪ್ಪವಿದ್ದರೆ ಅವನಿಗೆ ಹದಿನಾರು ಪಟ್ಟು ಬಿಡುವು ಸಿಗುತ್ತದೆ. ಅಷ್ಟರಲ್ಲಿ ಅವನು ಕಾಲೆತ್ತಿ ಮುಂದಿನ ಹೆಜ್ಜೆ ಇಟ್ಟಿರುತ್ತಾನೆ.

ಮುಟ್ಟುವುದು ಎಂದೆ. ನಿಜವಾಗಿ ಎರಡು ಗಟ್ಟಿ ಕಾಯಗಳು ಪೂರಾ ಮುಟ್ಟುವುದೇ ಇಲ್ಲ. ಎಷ್ಟು ನಯವಾದ ಮೈಯಿದ್ದರೂ ಅದರಲ್ಲಿ ಉಬ್ಬುತಗ್ಗುಗಳಿರುತ್ತವೆ. ಉಬ್ಬುಗಳು ಮಾತ್ರ ತಾಗುತ್ತವೆ, ನಡುವಣ ಸಂದುಗಳಲ್ಲಿ ಗಾಳಿ ಕುಳಿತಿರುತ್ತದೆ. ಗಾಳಿಯ ವಾಹಕತೆ ಗ್ರಾನೈಟಿನದರ ನೂರರಲ್ಲೊಂದು ಪಾಲು, ಕಬ್ಬಿಣಕ್ಕೆ ಹೋಲಿಸಿದರೆ ಸಾವಿರಾರು ಪಾಲು ಕಡಿಮೆ. ಇದನ್ನು ಯಾರೂ ಹೇಳಿಕೊಡದೆ ಬಲ್ಲವರು ನಮ್ಮ ಮನೆಗಳ ಹೆಣ್ಣುಮಕ್ಕಳು. ಬಡಿದ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿಹಾಕಿದ ಮೇಲೆ ಮಡಿಸಿದ ಅರಿವೆಯಿಂದ ಅಂಚನ್ನು ಒತ್ತುತ್ತ ಸುತ್ತ ಬರುತ್ತಾರಲ್ಲ, ಅದು ಸಂದಿನ ಗಾಳಿಯನ್ನು ಹೊರಗಟ್ಟುವ ಕೆಲಸ. ಒತ್ತಿದ ಕಡೆ ಹಂಚು ರೊಟ್ಟಿಯನ್ನು ಮುಟ್ಟಿತು, ಶಾಖ ಹರಿಯಿತು, ಒಳಗಿನ ನೀರು ಆವಿಯಾಗಿ ರೊಟ್ಟಿ ಉಬ್ಬಿತು. ಒತ್ತದ ಕಡೆ ಹಸಿ ಉಳಿಯಿತು. ಮಣ್ಣಿನ ಹಂಚಿನ ರೊಟ್ಟಿ ಮೆತ್ತಗೆ ಬೇಯುತ್ತದೆ, ಕಬ್ಬಿಣದ ಹಂಚಿನದು ಎಚ್ಚರ ತಪ್ಪಿದರೆ ಸೀಯುತ್ತದೆ ಎಂಬ ಮಾತಿನಲ್ಲೂ ಮೇಲೆ ಹೇಳಿದ ಪಾಲಿನ ಲೆಕ್ಕವಿದೆ: ಮಣ್ಣು ಹಿಟ್ಟಿನೊಡನೆ ರಾಜಿಗೆ ಬರುತ್ತದೆ, ಕಬ್ಬಿಣ ತನ್ನ ಮಾತನ್ನೇ ನಡೆಸುತ್ತದೆ.

ಇಷ್ಟೆಲ್ಲ ಬಲ್ಲವನು ನನ್ನ ಮನೆಯಲ್ಲಿ ಏನು ಮಾಡಿದೆನೆಂಬುದನ್ನು ಈಗ ಹೇಳಬೇಕು.

ಯಲಬುರ್ಗಾ ಕಡೆಯ ನಮ್ಮ ಹಿರಿಯರ ಮನೆ ಮಣ್ಣಿನ ಮಾಳಿಗೆಯದು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ತುಳಿದು ಕೂಡಿಸಿದ ಒಂದೂವರೆ ಅಡಿ ಮಣ್ಣು. ತಂದೆ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಪೂರ್ವದ ಭಾಗ ನನಗೆ, ಪಶ್ಚಿಮದ ಭಾಗ ತಮ್ಮನಿಗೆ, ನಡುವೆ ಒಂದೇ ಗೋಡೆ. ಅವ್ವ ನನ್ನ ಕಡೆ ಉಳಿದಳು. ನಾನು ಸಂಬಳದವನು. ಮಳೆಗಾಲದಲ್ಲಿ ಸೋರುವುದು, ವರ್ಷವರ್ಷ ಮಣ್ಣು ಹೊರಿಸುವುದು, ಜಂತಿಯಿಂದ ಚೇಳು ಬೀಳುವುದು ಸಾಕಾಗಿ, ನನ್ನ ಭಾಗದ ಮಾಳಿಗೆಯನ್ನು ಕೀಳಿಸಿ ಐದಿಂಚಿನ ಕಾಂಕ್ರೀಟು ಛತ್ತು ಹಾಕಿಸಿದೆ. ಊರಿನವರು ಬಂದು ನೋಡಿ ಹೋದರು. ನನಗೂ ಹೆಮ್ಮೆಯಾಗಿತ್ತು.

ಮುಂದಿನ ಯುಗಾದಿ ಕಳೆದು ಹದಿನೈದು ದಿನವಾಗಿರಲಿಲ್ಲ, ಅವ್ವ ಸಂಜೆಯಾದೊಡನೆ ಹಾಸಿಗೆ ಸುತ್ತಿಕೊಂಡು ತಮ್ಮನ ಭಾಗಕ್ಕೆ ಹೋಗತೊಡಗಿದಳು. ಊಟ ನಮ್ಮಲ್ಲಿ, ನಿದ್ದೆ ಅಲ್ಲಿ. ಮೊದಲು ನಾವು ಗಮನಿಸಲಿಲ್ಲ. ಆಮೇಲೆ ಓಣಿಯವರು ಗಮನಿಸಿದರು. ಹೊಸ ಮನೆ ಕಟ್ಟಿಸಿದ ಮಗನನ್ನು ಬಿಟ್ಟು ಮುದುಕಿ ಹಳೆಯ ಮನೆಗೆ ಏಕೆ ಹೋಗುತ್ತಾಳೆಂಬುದಕ್ಕೆ ಜನರ ಬಳಿ ಕಾರಣಗಳಿಗೆ ಬರವಿಲ್ಲ. ನನ್ನ ಹೆಂಡತಿ ಒಂದು ರಾತ್ರಿ ಅತ್ತಳು. ನಾನು ತಮ್ಮನೊಡನೆ ಮಾತು ಕಡಿಮೆ ಮಾಡಿದೆ. ಅವನೂ ಕಡಿಮೆ ಮಾಡಿದ. ಎರಡು ತಿಂಗಳು ಹೀಗೆ ಕಳೆಯಿತು. ಕೊನೆಗೆ ಒಂದು ದಿನ ಅವ್ವನನ್ನೇ ಕೇಳಿದೆ, ನಮ್ಮಿಂದ ಏನು ತಪ್ಪಾಗಿದೆ ಎಂದು.

“ನಿಮ್ಮ ಮ್ಯಾಲ ನನಗ್ಯಾಕ ಸಿಟ್ಟೋ ತಮ್ಮಾ,” ಎಂದಳು ಅವ್ವ. “ನಿನ್ನ ಛತ್ತು ಹಗಲೆಲ್ಲಾ ಬಿಸಲು ಕುಡದು ರಾತ್ರಿ ನನ್ನ ಮ್ಯಾಲ ಕಾರತೈತಿ. ಅಲ್ಲಿ ತಂಪೈತಿ. ಅದಕ್ಕ ಹೋಗತೇನಿ.”

ಆ ರಾತ್ರಿ ನಾನು ಲೆಕ್ಕ ಮಾಡಿದೆ. ಹಗಲಿನ ಬಿಸಿಲು ಏರಿ ಇಳಿಯುವುದು ಇಪ್ಪತ್ತನಾಲ್ಕು ಗಂಟೆಗೊಮ್ಮೆ ಬರುವ ಅಲೆ. ಆ ಅಲೆ ಮಣ್ಣಿನಲ್ಲಿ ನಾಲ್ಕೂವರೆ ಇಂಚು ಇಳಿಯುವಷ್ಟರಲ್ಲಿ ಅದರ ಏರಿಳಿತ ಮೂರನೆಯ ಒಂದು ಪಾಲಿಗೆ ಸಮೀಪವಾಗಿ ಕುಗ್ಗುತ್ತದೆ, ಮತ್ತು ಸುಮಾರು ನಾಲ್ಕು ಗಂಟೆ ತಡವಾಗುತ್ತದೆ. ಒಂದೂವರೆ ಅಡಿಯೆಂದರೆ ಇಂಥ ನಾಲ್ಕು ಪದರ. ಮೇಲಿನ ಏರಿಳಿತದ ಐವತ್ತರಲ್ಲಿ ಒಂದು ಪಾಲು ಕೆಳಗೆ ಬಂದರೆ ಹೆಚ್ಚು. ಅದೂ ಹದಿನೈದು ಗಂಟೆ ತಡವಾಗಿ, ಅಂದರೆ ನಡುಹಗಲಿನ ಉರಿಯ ಪಳೆಯುಳಿಕೆ ಮರುದಿನ ಬೆಳಗಿನ ಜಾವಕ್ಕೆ, ಹೊರಗೆ ತಂಪಿರುವಾಗ. ಐದಿಂಚು ಕಾಂಕ್ರೀಟಿನಲ್ಲಾದರೆ ಏರಿಳಿತದ ಐದರಲ್ಲಿ ಎರಡು ಪಾಲು ಉಳಿದೇ ಬರುತ್ತದೆ, ಮೂರು ಗಂಟೆ ಚಿಲ್ಲರೆ ತಡವಾಗಿ. ಮಧ್ಯಾಹ್ನ ಎರಡು ಗಂಟೆಯ ಬಿಸಿ ಸಂಜೆ ಐದು ಆರರ ಹೊತ್ತಿಗೆ ಛತ್ತಿನ ತಳಕ್ಕೆ ಬಂದು, ರಾತ್ರಿಯೆಲ್ಲ ಕೆಳಗೆ ಮಲಗಿದವರ ಕಡೆಗೆ ಹರಿಯುತ್ತದೆ. ಕೋಣೆಯ ಗಾಳಿ, ಗೋಡೆ, ಕಿಟಕಿಗಳನ್ನು ಸೇರಿಸಿಕೊಂಡರೆ ಅಂಕೆಗಳು ಬದಲಾಗಬಹುದು. ಅವ್ವನ ಮಾತು ಬದಲಾಗುವುದಿಲ್ಲ. ಅವಳು ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಾನು ಎರಡು ಹಾಳೆಯಲ್ಲಿ ಬರೆದೆ.

ಮರುದಿನ ಕಾಲೇಜಿನಲ್ಲಿ ಇದನ್ನೇ ಲೆಕ್ಕವಾಗಿ ಕೊಟ್ಟೆ, ಮನೆ ಯಾರದೆಂದು ಹೇಳದೆ. ಮಣ್ಣು ಒಳ್ಳೆಯ ಅವಾಹಕ, ಆದ್ದರಿಂದ ತಂಪು, ಎಂದು ಹಲವರು ಬರೆದರು. ಕುಷ್ಟಗಿ ಕಡೆಯ ಒಬ್ಬ ಹುಡುಗಿ ಎದ್ದು, “ಸರ್, ಮಣ್ಣಿಗೂ ಕಾಂಕ್ರೀಟಿಗೂ ವಾಹಕತೆಯಲ್ಲಿ ಅಷ್ಟೇನೂ ಅಂತರವಿಲ್ಲ. ದಪ್ಪದಲ್ಲಿ ಮಾತ್ರ ಅಂತರವಿದೆ” ಎಂದಳು. ಅವಳು ಹೇಳಿದ್ದೇ ಸರಿ. ತುಳಿದು ಗಟ್ಟಿಯಾದ ಮಣ್ಣಿನ ವಾಹಕತೆ ಕಾಂಕ್ರೀಟಿನ ಸುಮಾರು ಅರ್ಧ. ಅದೊಂದರಿಂದಲೇ ಇಷ್ಟು ತಂಪು ಬಾರದು. ನಮ್ಮ ಹಿರಿಯರ ಮಾಳಿಗೆಯಲ್ಲಿದ್ದದ್ದು ಮಣ್ಣಿನ ಮಹಿಮೆಗಿಂತ ಹೆಚ್ಚಾಗಿ ಮೊಳದುದ್ದದ ದಪ್ಪ. ಇದೇ ಕಾರಣದಿಂದ ಕೊಪ್ಪಳದ ಬೆಟ್ಟಗಳ ಗವಿಗಳೊಳಗೆ ವೈಶಾಖದಲ್ಲೂ ಹಿತವಿರುತ್ತದೆ. ಬಂಡೆಯಲ್ಲಿ ದಿನದ ಅಲೆ ಒಂದು ಗೇಣು ಇಳಿಯುವುದರೊಳಗೆ ಸೊರಗುತ್ತದೆ; ವರ್ಷದ ಅಲೆಗೆ ಅವಕಾಶ ಮುನ್ನೂರರವತ್ತೈದು ಪಟ್ಟು, ಆದರೂ ಅದು ಇಳಿಯುವುದು ಅದರ ವರ್ಗಮೂಲದಷ್ಟೇ, ಅಂದರೆ ಹತ್ತೊಂಬತ್ತು ಪಟ್ಟು, ಹನ್ನೆರಡು ಅಡಿಯ ಹತ್ತಿರ.

ಮಣ್ಣಿನ ಮಾಳಿಗೆಯನ್ನು ಹಾಡಿ ಹೊಗಳಲು ನಾನು ಇಲ್ಲಿ ಕುಳಿತಿಲ್ಲ. 2009ರ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಣ್ಣಿನ ಮನೆಗಳು ಕುಸಿದದ್ದನ್ನು ಕಂಡವರು ಅದನ್ನು ಬರಿಯ ಕಾವ್ಯವಾಗಿ ನೋಡಲಾರರು. ಛತ್ತು ಹಾಕಿಸಿದ್ದು ನನ್ನ ತಪ್ಪಲ್ಲ. ಹಾಕಿಸುವ ಮುನ್ನ ಆ ಲೆಕ್ಕವನ್ನು ನಾನು ಕೇಳಿಕೊಳ್ಳಲಿಲ್ಲ, ಅದು ತಪ್ಪು. ಕೇಳಿಕೊಂಡಿದ್ದರೆ ಆ ಎರಡು ತಿಂಗಳ ಮೌನ ಉಳಿಯುತ್ತಿತ್ತು.

ಕೇಳಿಕೊಂಡ ಮೇಲೆ ಉಪಾಯ ಕಷ್ಟದ್ದಾಗಿರಲಿಲ್ಲ. ಸೂರ್ಯನೂ ಛತ್ತೂ ಮುಟ್ಟುವ ಕಾಯಗಳಲ್ಲ. ಅಲ್ಲಿ ನಡೆಯುವುದು ವಹನವಲ್ಲ, ಕಿರಣಗಳ ವ್ಯವಹಾರ. ಬಿಸಿ ಕಾಂಕ್ರೀಟಿನೊಳಗೆ ಕಾಲಿಟ್ಟ ಮೇಲೆ ತಡೆಯುವುದಕ್ಕಿಂತ ಬಾಗಿಲಲ್ಲಿಯೇ ತಿರುಗಿಸಿ ಕಳಿಸುವುದು ಸುಲಭ. ಛತ್ತಿಗೆ ದಟ್ಟವಾಗಿ ಎರಡು ಸಲ ಬಿಳಿ ಸುಣ್ಣ ಬಳಿಸಿದೆ. ಅದರ ಮೇಲೆ ಗಳ ನೆಟ್ಟು, ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು, ಜೋಳದ ದಂಟಿನ ಚಪ್ಪರ ಹಾಕಿಸಿದೆ. ತಮ್ಮನೂ ಬಂದು ಗಳ ಹಿಡಿದ. ಆಗ ನಾವು ಮಾತಾಡಿದ್ದು ಗಳದ ಉದ್ದ, ಹಗ್ಗದ ಗಂಟು ಇಷ್ಟನ್ನೇ, ಬೇರೇನನ್ನೂ ಆಡಬೇಕಾಗಲಿಲ್ಲ.

ನಾಲ್ಕು ದಿನ ಬಿಟ್ಟು ಅವ್ವ ರಾತ್ರಿ ಊಟವಾದ ಮೇಲೆ ನಮ್ಮ ಕೋಣೆಗೆ ಬಂದಳು. ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದಳು, ತಲೆಯೆತ್ತಿ ಛತ್ತನ್ನು ನೋಡಿದಳು, “ಈಗ ಅಡ್ಡಿಯಿಲ್ಲ” ಎಂದಳು. ಅಂದು ಅಲ್ಲಿಯೇ ಮಲಗಿದಳು. ಮರುದಿನ ಸಂಜೆ ಮತ್ತೆ ಹಾಸಿಗೆ ಸುತ್ತಿಕೊಂಡು ಹೊರಟಾಗ ನನ್ನ ಹೆಂಡತಿಯೇ ಕೇಳಿದಳು, “ಯಾಕ್ರೀ ಅತ್ತಿ, ಇನ್ನೂ ಬಿಸಿ ಐತೇನು?” ಎಂದು. “ಇಲ್ಲವ್ವಾ,” ಎಂದಳು ಅವ್ವ, “ಅಲ್ಲಿ ಸಣ್ಣ ಹುಡುಗರು ಕತಿ ಹೇಳು ಅಂತ ಕಾಯತಿರತಾವ.” ಈ ಸಲ ಯಾರೂ ಅಳಲಿಲ್ಲ. ಹುಡುಗರು ಗೋಡೆಯ ಆ ಕಡೆಯಿಂದ ಆಗಲೇ ಅಜ್ಜಿಯನ್ನು ಕೂಗುತ್ತಿದ್ದವು.